ಕಿಲ್ಲಾರಿಯ ಗೋಡೆ, ನಮ್ಮ ಮಾಳಿಗೆ

ಆಳಂದದಿಂದ ಕಿಲ್ಲಾರಿ ಎಷ್ಟು ದೂರ? ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆದರೆ ಐವತ್ತು-ಅರವತ್ತು ಕಿಲೋಮೀಟರ್. ಬಸವಕಲ್ಯಾಣದಿಂದ ಇನ್ನೂ ಹತ್ತಿರ. ನಾವೀಗ ಕೂತಿರುವ ಕಲಬುರಗಿಯಿಂದ ತೊಂಬತ್ತರ ಒಳಗೆ. ಭೂಕಂಪ ಎಂದ ಕೂಡಲೇ ನಮಗೆ ಹಿಮಾಲಯ, ಜಪಾನ್ ನೆನಪಾಗುತ್ತವೆ. ನಾನು ಅಲ್ಲಿಂದ ಶುರು ಮಾಡುವುದಿಲ್ಲ. ಗಡಿಯಾಚೆ ಮಹಾರಾಷ್ಟ್ರದಲ್ಲಿರುವ, ನಮ್ಮ ಊರುಗಳಂಥದೇ ಕರಿಮಣ್ಣಿನ ಹೊಲ, ನಮ್ಮಂಥದೇ ಮಣ್ಣಿನ ಚಾವಣಿಯ ಮಾಳಿಗೆ ಮನೆಗಳ ಊರಾದ ಕಿಲ್ಲಾರಿಯಿಂದ ಶುರು ಮಾಡುತ್ತೇನೆ.

1993ರ ಸೆಪ್ಟೆಂಬರ್ 30ರ ನಸುಕು, 3 ಗಂಟೆ 56 ನಿಮಿಷ. ಗಣಪತಿ ಕಳಿಸಿ ಬಂದ ಜನ ಮಲಗಿದ್ದರು. ಲಾತೂರ್ ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಊರಿಗೆ ಊರೇ ಮಲಗಿದಲ್ಲೇ ಮಣ್ಣಿನಡಿ ಸೇರಿತು. ಸತ್ತವರು ಸುಮಾರು ಹತ್ತು ಸಾವಿರ. ಕಿಲ್ಲಾರಿಯ ಆ ಕಂಪನದ ಪ್ರಮಾಣ 6.2. ಇಲ್ಲಿರುವ ಹಿರಿಯರಲ್ಲಿ ಎಷ್ಟೋ ಜನ ಆ ಹೊತ್ತು ಎಚ್ಚರಾಗಿ ಹೊರಗೆ ಓಡಿ ಬಂದವರಿದ್ದೀರಿ.

ಅದಕ್ಕೆ ನಾಲ್ಕು ವರ್ಷ ಮೊದಲು, 1989ರ ಅಕ್ಟೋಬರ್ 17ರಂದು, ಕ್ಯಾಲಿಫೋರ್ನಿಯಾದ ಲೋಮಾ ಪ್ರಿಯೇಟಾ ಎಂಬಲ್ಲಿ 6.9 ಪ್ರಮಾಣದ ಭೂಕಂಪವಾಗಿತ್ತು. ಶಕ್ತಿಯ ಲೆಕ್ಕದಲ್ಲಿ ಅದು ಕಿಲ್ಲಾರಿಯ ಹತ್ತು ಪಟ್ಟಿಗೂ ಹೆಚ್ಚು. ಸ್ಯಾನ್ ಫ್ರಾನ್ಸಿಸ್ಕೋದಂಥ ದೊಡ್ಡ ನಗರ ಸುಮಾರು ನೂರು ಕಿಲೋಮೀಟರ್ ದೂರದಲ್ಲೇ ಇತ್ತು. ಅಲ್ಲಿ ಸತ್ತವರು 63 ಜನ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಇವತ್ತು ನಾನು ಹೇಳಬೇಕಾದದ್ದೆಲ್ಲ ಅವುಗಳ ನಡುವಿನ ಅಂತರದಲ್ಲಿದೆ.

ಮೊದಲು ನಕ್ಷೆಯ ವಿಷಯ. ಕಿಲ್ಲಾರಿ ಆದಾಗ ಚಾಲ್ತಿಯಲ್ಲಿದ್ದದ್ದು 1984ರ ಭೂಕಂಪ ವಲಯ ನಕ್ಷೆ. ದೇಶವನ್ನು ಐದು ವಲಯ ಮಾಡಿದ್ದರು. ಕಿಲ್ಲಾರಿ ಇದ್ದದ್ದು ಒಂದನೇ ವಲಯದಲ್ಲಿ, ಅಂದರೆ ಅಪಾಯ ಅತಿ ಕಡಿಮೆ ಎಂದು ಗುರುತಿಸಿದ್ದ ಜಾಗದಲ್ಲಿ. ನಕ್ಷೆ ಮಾಡಿದವರು ಬೇಜವಾಬ್ದಾರಿಯಿಂದ ಮಾಡಿರಲಿಲ್ಲ. ಹಿಂದೆ ಎಲ್ಲೆಲ್ಲಿ ಭೂಕಂಪ ಆಗಿದೆ, ಎಷ್ಟು ದೂರದವರೆಗೆ ಮನೆಗಳು ಬಿದ್ದಿವೆ ಎಂಬ ದಾಖಲೆಗಳನ್ನು ಕೂಡಿಸಿ ಗೆರೆ ಎಳೆದಿದ್ದರು. ಆದರೆ ನಮ್ಮ ದಾಖಲೆ ಎಷ್ಟು ಹಳೆಯದು? ಉಪಕರಣಗಳ ದಾಖಲೆ ನೂರು ವರ್ಷದ ಸುಮಾರಿನದು. ಬ್ರಿಟಿಷರ ಕಾಗದಪತ್ರ ಸೇರಿಸಿದರೆ ಇನ್ನೂರು ಚಿಲ್ಲರೆ. 1843ರಲ್ಲಿ ಬಳ್ಳಾರಿಯಲ್ಲಿ ಆದದ್ದು, 1900ರಲ್ಲಿ ಕೊಯಮತ್ತೂರಿನಲ್ಲಿ ಆದದ್ದು ನಮಗೆ ಗೊತ್ತಿರುವುದು ಹಾಗೆ. ದಖನ್ನಿನ ಬಂಡೆ ಸಾವಿರಾರು ವರ್ಷಕ್ಕೊಮ್ಮೆ ಒಂದು ಕಡೆ ಜಾರಿದರೆ, ಇನ್ನೂರು ವರ್ಷದ ಪುಸ್ತಕದಲ್ಲಿ ಅದು ಸಿಗುವುದಾದರೂ ಹೇಗೆ?

ನಕ್ಷೆ ಭೂಕಂಪದ ಹಿಂದೆ ಹಿಂದೆ ನಡೆದುಕೊಂಡು ಬಂದಿದೆ. 1967ರಲ್ಲಿ ಮಹಾರಾಷ್ಟ್ರದ ಕೊಯ್ನಾದಲ್ಲಿ ಭೂಕಂಪ ಆಯಿತು, 1970ರಲ್ಲಿ ನಕ್ಷೆ ಬದಲಾಯಿತು. ಕಿಲ್ಲಾರಿ ಆಯಿತು, 1997ರಲ್ಲಿ ಜಬಲ್ಪುರ, 2001ರಲ್ಲಿ ಭುಜ್ ಆದವು, 2002ರಲ್ಲಿ ಮತ್ತೆ ಬದಲಾಯಿತು. ಆಗ ಒಂದನೇ ವಲಯವನ್ನೇ ತೆಗೆದುಹಾಕಿದರು. ಅಪಾಯವೇ ಇಲ್ಲ ಎನ್ನುವ ಜಾಗ ಈ ದೇಶದಲ್ಲಿ ಇಲ್ಲವೆಂದು ಅಧಿಕೃತವಾಗಿ ಒಪ್ಪಿಕೊಂಡ ಹಾಗಾಯಿತು. ಬೀದರ್, ಕಲಬುರಗಿ ಕಡೆಯ ಭಾಗಗಳು ಮೂರನೇ ವಲಯಕ್ಕೆ ಬಂದವು. ಇದು ಮಹತ್ವದ ತೀರ್ಮಾನ. ಕಟ್ಟಡದ ಲೆಕ್ಕ ಹಾಕುವ ಎಂಜಿನಿಯರ್ ಮೊದಲು ನೋಡುವುದೇ ವಲಯದ ಸಂಖ್ಯೆಯನ್ನು.

ಹಾಗಾದರೆ ದಾಖಲೆಗಿಂತ ಹಿಂದಕ್ಕೆ ಹೋಗುವುದು ಹೇಗೆ? ನೆಲ ಅಗೆದು. ಕಿಲ್ಲಾರಿಯ ಹೊಲಗಳಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ ನೆಲ ಉಬ್ಬಿ ಹರಿದಿತ್ತು. ಆ ಹರಿದ ಗೆರೆಗೆ ಅಡ್ಡಲಾಗಿ ಕಂದಕ ತೋಡಿ ಮಣ್ಣಿನ ಪದರಗಳನ್ನು ಓದುತ್ತಾರೆ. ಮೇಲಿನ ಪದರ ಈಗ ಮುರಿದಿದೆ ಸರಿ, ಕೆಳಗಿನ ಪದರ ಅದಕ್ಕಿಂತ ಹೆಚ್ಚು ಮುರಿದಿದ್ದರೆ ಅದು ಮೊದಲೊಮ್ಮೆ ಜಾರಿತ್ತು ಎಂದರ್ಥ. ಭೂವಿಜ್ಞಾನಿಗಳಾದ ಸಿ.ಪಿ. ರಾಜೇಂದ್ರನ್ ಮತ್ತು ಕುಸಲಾ ರಾಜೇಂದ್ರನ್ ಈ ಕೆಲಸ ಮಾಡಿದವರು. ಮುಂದೆ ಇಬ್ಬರೂ ಬೆಂಗಳೂರಿನ ಸಂಸ್ಥೆಗಳಲ್ಲಿ ಕೆಲಸ ಮಾಡಿದರು. ಕಿಲ್ಲಾರಿಯ ಬಿರುಕು ಹೊಸದಲ್ಲ, ಹಿಂದೆಯೂ ಅಲ್ಲಿ ಚಲನೆ ಆಗಿತ್ತು ಎಂಬ ಕುರುಹು ಅವರಿಗೆ ಸಿಕ್ಕಿತು. ಅವರು ತೇರ್ ಎಂಬ ಊರಿಗೂ ಹೋದರು. ತೇರ್ ಅಂದರೆ ಹಳೆಯ ತಗರ. ಶಾಸನ ಓದುವವರಿಗೆ ಗೊತ್ತು, ಶಿಲಾಹಾರರು ತಮ್ಮನ್ನು ‘ತಗರಪುರವರಾಧೀಶ್ವರ’ ಎಂದು ಕರೆದುಕೊಂಡರಲ್ಲ, ಅದೇ ಊರು. ಅಲ್ಲಿನ ತ್ರಿವಿಕ್ರಮ ದೇವಾಲಯದ ಇಟ್ಟಿಗೆ ಕಟ್ಟಡದಲ್ಲಿ ವಾಲಿದ, ಕದಲಿದ ಗುರುತುಗಳನ್ನು, ನದಿ ದಂಡೆಯ ಮಣ್ಣಿನಲ್ಲಿ ತಿರುಚಿದ ಪದರಗಳನ್ನು ನೋಡಿ, ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಅಲ್ಲಿ ದೊಡ್ಡ ಕಂಪನ ಆಗಿರಬೇಕೆಂದು ವಾದಿಸಿದರು. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ನಮ್ಮ ಜಿಲ್ಲೆಗಳಲ್ಲಿ ಎಷ್ಟು ಹಳೆಯ ಗುಡಿಗಳಿವೆ, ಎಷ್ಟು ಕೋಟೆಗಳಿವೆ! ಕಂಬ ಓರೆಯಾದದ್ದು, ಕಮಾನಿನ ನಡುಗಲ್ಲು ಇಳಿದದ್ದು ಎಲ್ಲವೂ ದಾಳಿಯಿಂದಲೇ ಆಗಿರಬೇಕಿಲ್ಲ, ಪಾಯ ಕುಸಿದೇ ಆಗಿರಬೇಕಿಲ್ಲ. ಇತಿಹಾಸ ವಿಭಾಗದವರೂ ಭೂವಿಜ್ಞಾನ ವಿಭಾಗದವರೂ ಜೊತೆಯಾಗಿ ಹೋಗಿ ನೋಡಬೇಕಾದ ಕೆಲಸ ಇದು.

ಇನ್ನು ಉಪಕರಣಗಳು. ಭೂಕಂಪ ಆದಾಗ ಬಂಡೆಯೊಳಗಿಂದ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲನೆಯದು ಒತ್ತುತ್ತ ಬರುವ ಅಲೆ, ಸೆಕೆಂಡಿಗೆ ಸುಮಾರು ಆರು ಕಿಲೋಮೀಟರ್ ವೇಗ. ಎರಡನೆಯದು ಅಡ್ಡಡ್ಡ ಅಲುಗಿಸುವ ಅಲೆ, ಮೂರೂವರೆ ಕಿಲೋಮೀಟರ್. ಮನೆ ಕೆಡಹುವುದು ಹೆಚ್ಚಾಗಿ ಈ ಎರಡನೆಯದು. ಎರಡರ ನಡುವೆ ಎಷ್ಟು ಸೆಕೆಂಡ್ ಅಂತರವಿದೆಯೋ ಅದನ್ನು ಎಂಟರಿಂದ ಗುಣಿಸಿ, ಕಿಲೋಮೀಟರ್ ಲೆಕ್ಕದಲ್ಲಿ ದೂರ ಸಿಗುತ್ತದೆ. ಕಿಲ್ಲಾರಿಯಲ್ಲಿ ಆದ ಕಂಪನ ಕಲಬುರಗಿಯ ಯಂತ್ರದಲ್ಲಿ ಹನ್ನೊಂದು ಸೆಕೆಂಡ್ ಅಂತರ ತೋರಿಸುತ್ತದೆ. ಹೀಗೆ ಮೂರು ಊರುಗಳ ದೂರ ಗೊತ್ತಾದರೆ ಮೂರು ವೃತ್ತ ಎಳೆದು ಅವು ಕೂಡುವ ಜಾಗ ಹಿಡಿಯಬಹುದು. ಹೈಸ್ಕೂಲಿನ ಮಕ್ಕಳಿಂದ ಕೈವಾರ ಹಿಡಿಸಿ ಮಾಡಿಸಬಹುದಾದ ಲೆಕ್ಕ. ಇಲ್ಲಿರುವ ಮೇಷ್ಟ್ರುಗಳು ದಯವಿಟ್ಟು ಮಾಡಿಸಿ.

ನಮ್ಮ ರಾಜ್ಯದಲ್ಲೇ, ಗೌರಿಬಿದನೂರಿನಲ್ಲಿ, 1965ರಿಂದ ಭೂಕಂಪಮಾಪಕಗಳ ಸಾಲೊಂದು ಕೆಲಸ ಮಾಡುತ್ತಿದೆ. ಈಗಿನ ಭಾಭಾ ಅಣು ಸಂಶೋಧನಾ ಕೇಂದ್ರದ್ದು. ಎಲ್ ಅಕ್ಷರದ ಆಕಾರದಲ್ಲಿ ಎರಡು ತೋಳು, ಹೊಲ-ಬಂಡೆಗಳ ನಡುವೆ ಇಪ್ಪತ್ತು ಮಾಪಕ. ಬೇರೆ ದೇಶಗಳು ನೆಲದಡಿ ಅಣುಬಾಂಬ್ ಸಿಡಿಸಿದರೆ ಪತ್ತೆ ಹಚ್ಚಲೆಂದು ಅದನ್ನು ಹಾಕಿದ್ದು. ಸ್ಫೋಟ ಎಲ್ಲ ದಿಕ್ಕಿಗೂ ಒಂದೇ ಸಮ ತಳ್ಳುತ್ತದೆ. ಭೂಕಂಪದಲ್ಲಿ ಬಂಡೆ ಜಾರುವುದರಿಂದ ಒಂದು ಕಡೆ ತಳ್ಳಿದರೆ ಇನ್ನೊಂದು ಕಡೆ ಎಳೆಯುತ್ತದೆ. ಆ ವ್ಯತ್ಯಾಸ ಹುಡುಕುತ್ತ ಹುಡುಕುತ್ತ ಭೂಕಂಪ ವಿಜ್ಞಾನವೇ ಬೆಳೆಯಿತು.

ಉಪಕರಣಗಳ ದೊಡ್ಡ ಉಪಯೋಗ ದೊಡ್ಡ ಕಂಪನ ದಾಖಲಿಸುವುದಲ್ಲ, ನಮಗೆ ಗೊತ್ತೇ ಆಗದ ಸಣ್ಣವನ್ನು ಎಣಿಸುವುದು. ಒಂದು ಪ್ರದೇಶದಲ್ಲಿ 5ರ ಪ್ರಮಾಣದ್ದು ಒಂದು ಆದರೆ 4ರದು ಸುಮಾರು ಹತ್ತು, 3ರದು ಸುಮಾರು ನೂರು ಆಗುತ್ತವೆ. ಜಗತ್ತಿನ ಬಹುತೇಕ ಕಡೆ ಈ ಅನುಪಾತ ನಿಲ್ಲುತ್ತದೆ. ಆದ್ದರಿಂದ ಸಣ್ಣವನ್ನು ಕೆಲವು ವರ್ಷ ಸರಿಯಾಗಿ ಎಣಿಸಿದರೆ ದೊಡ್ಡದು ಎಷ್ಟು ಅಪರೂಪ ಎಂದು ಅಂದಾಜು ಮಾಡಬಹುದು. ‘ಐವತ್ತು ವರ್ಷದಲ್ಲಿ ಇಷ್ಟು ಬಿರುಸಾಗಿ ನೆಲ ಅಲುಗುವ ಸಂಭವ ನೂರಕ್ಕೆ ಹತ್ತು’ ಎಂಬಂಥ ಮಾತು ಬರುವುದು ಇಲ್ಲಿಂದ. ಒಂದು ಮನೆಯ ಆಯುಷ್ಯ ಐವತ್ತು ವರ್ಷ ಎಂದುಕೊಂಡರೆ ಈ ಲೆಕ್ಕ ಮನೆ ಕಟ್ಟುವವನಿಗೆ ನೇರವಾಗಿ ಬೇಕಾದದ್ದು.

ಕೊಯ್ನಾದ ವಿಷಯ ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ಪ್ರಪಂಚದಲ್ಲಿ ಅಂಥ ಜಾಗ ಇನ್ನೊಂದಿಲ್ಲ. ಸಾತಾರಾ ಜಿಲ್ಲೆಯಲ್ಲಿ ಕೊಯ್ನಾ ನದಿಗೆ 103 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ 1960ರ ದಶಕದ ಆರಂಭದಲ್ಲಿ ನೀರು ನಿಲ್ಲಿಸಿದರು. ನೀರು ತುಂಬುತ್ತಿದ್ದಂತೆ ಸಣ್ಣ ಕಂಪನಗಳು ಶುರುವಾದವು. 1967ರ ಡಿಸೆಂಬರ್ 10ರ ನಸುಕಿನಲ್ಲಿ 6.3 ಪ್ರಮಾಣದ್ದು ಬಂತು. ಸುಮಾರು ಇನ್ನೂರು ಜನ ಸತ್ತರು. ಜಲಾಶಯ ಪ್ರೇರಿತ ಭೂಕಂಪಗಳಲ್ಲಿ ಇದುವರೆಗೆ ಜಗತ್ತಿನಲ್ಲೇ ಅತಿ ದೊಡ್ಡದು ಅದು. ಅಲ್ಲಿಗೆ ನಿಲ್ಲಲೂ ಇಲ್ಲ. ಮಳೆಗಾಲದಲ್ಲಿ ಜಲಾಶಯ ತುಂಬಿದ ಮೇಲೆ ಕಂಪನ ಹೆಚ್ಚುವುದು ದಶಕಗಳಿಂದ ನಡೆದೇ ಇದೆ, ಅದೂ ಮೂವತ್ತು ಕಿಲೋಮೀಟರ್ ಉದ್ದ, ಇಪ್ಪತ್ತು ಕಿಲೋಮೀಟರ್ ಅಗಲದ ಸಣ್ಣ ಜಾಗದಲ್ಲಿ. ಕಾರಣ ನೀರಿನ ಭಾರ ಮಾತ್ರವಲ್ಲ. ನೀರು ಬಂಡೆಯ ಬಿರುಕುಗಳಲ್ಲಿ ಇಳಿಯುತ್ತದೆ, ಅಲ್ಲಿ ಒತ್ತಡ ಹೆಚ್ಚಿಸುತ್ತದೆ. ಬಿರುಕಿನ ಎರಡು ಮುಖಗಳನ್ನು ಬಿಗಿಯಾಗಿ ಅದುಮಿ ಹಿಡಿದ ಬಲ ಸಡಿಲುತ್ತದೆ. ಮೊದಲೇ ಜಾರುವ ಹಂತಕ್ಕೆ ಬಂದಿದ್ದ ಬಂಡೆ ಜಾರುತ್ತದೆ. ನೀರು ಹೊಸದಾಗಿ ಭೂಕಂಪದ ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಆ ಶಕ್ತಿ ಭಾರತದ ಭೂಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತುತ್ತಿರುವುದರಿಂದ ಕೂಡಿಕೊಂಡದ್ದು. ಹಿಮಾಲಯದಲ್ಲಿ ಆಗುವ ಆ ಗುದ್ದಾಟದ ಒತ್ತಡ ಇಲ್ಲಿಯವರೆಗೂ ಬಂಡೆಯೊಳಗೆ ಬಂದು ತಲುಪುತ್ತದೆ.

ಇಂಥ ಜಾಗ ಸಿಕ್ಕಾಗ ವಿಜ್ಞಾನಿಗಳು ಮೇಲಿನಿಂದ ನೋಡುವುದಕ್ಕೆ ತೃಪ್ತರಾಗಲಿಲ್ಲ. ಹರ್ಷ ಗುಪ್ತಾ ಅವರಂಥವರು ದಶಕಗಳ ಕಾಲ ಅದರ ಹಿಂದೆ ಬಿದ್ದರು. ಕರಾಡದಲ್ಲಿ ಅದಕ್ಕೆಂದೇ ಒಂದು ಪ್ರಯೋಗಾಲಯವಾಯಿತು. 2017ರಲ್ಲಿ ಗೋಠಣೆ ಎಂಬಲ್ಲಿ ಮೂರು ಕಿಲೋಮೀಟರ್ ಆಳದ ಕೊಳವೆಬಾವಿ ಕೊರೆದು ಮುಗಿಸಿದರು. ನಮ್ಮ ಹೊಲದಲ್ಲಿ ಬೋರ್ ಹೊಡೆಸುವಾಗ ಐನೂರು-ಆರುನೂರು ಅಡಿಗೆ ಉಸಿರು ಬಿಗಿ ಹಿಡಿಯುತ್ತೇವೆ, ಇದು ಸುಮಾರು ಹತ್ತು ಸಾವಿರ ಅಡಿ. ಮೇಲೆ ಸುಮಾರು ಒಂದೂಕಾಲು ಕಿಲೋಮೀಟರ್ ದಪ್ಪ ಕಪ್ಪು ಬಸಾಲ್ಟ್, ಅಂದರೆ ಲಾವಾ ಆರಿ ಗಟ್ಟಿಯಾದ ಕಲ್ಲು, ಅದರ ಕೆಳಗೆ ನೇರವಾಗಿ ಕೋಟ್ಯಂತರ ವರ್ಷ ಹಳೆಯ ಗ್ರಾನೈಟ್. ಕಿಲ್ಲಾರಿಯಲ್ಲೂ ಕೊರೆದು ನೋಡಿದ್ದರು. ಅಲ್ಲಿ ಬಸಾಲ್ಟ್ 338 ಮೀಟರಿಗೇ ಮುಗಿದಿತ್ತು. ನಾವು ಕಾಣುವುದು ಲಾವಾದ ಹೊದಿಕೆಯನ್ನು. ಬಿರುಕುಗಳಿರುವುದು ಅದರ ಕೆಳಗಿನ ಹಳೆಯ ಬಂಡೆಯಲ್ಲಿ. ಮೇಲಿನಿಂದ ಅವು ಕಾಣುವುದಿಲ್ಲ, ದಖನ್ನಿನಲ್ಲಿ ನಕ್ಷೆ ಮಾಡುವುದು ಕಷ್ಟವಾಗಿರುವುದು ಅದಕ್ಕೇ.

ಈಗ ನೀವೆಲ್ಲ ಕೇಳಬೇಕೆಂದಿರುವ ವಿಷಯ. ಗಡಿಕೇಶ್ವರ.

2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಆ ಊರಿನಲ್ಲಿ ಮೇಲಿಂದ ಮೇಲೆ ನೆಲ ಅದುರಿತು. 11ರ ರಾತ್ರಿಯದು 4.1. ಭೂಮಿಯೊಳಗಿಂದ ಗುಡುಗಿನಂಥ ಸದ್ದು ಬಂತೆಂದು ಜನ ಹೇಳಿದರು. ಅದು ನಿಜ, ಭ್ರಮೆಯಲ್ಲ. ಕಂಪನ ತೀರ ಮೇಲ್ಪದರದಲ್ಲಾದರೆ ಅದರ ಅಲೆಗಳು ನೆಲದಿಂದ ಗಾಳಿಗೆ ದಾಟಿ ಕಿವಿಗೆ ಕೇಳಿಸುತ್ತವೆ. ಜನ ಒಳಗೆ ಮಲಗಲು ಹೆದರಿ ಹೊರಗೆ ರಾತ್ರಿ ಕಳೆದರು. ಎಷ್ಟೋ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟವು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ದೊಡ್ಡದು ಬರುತ್ತದೆಯೇ?

ಈ ಪ್ರಶ್ನೆಯನ್ನು ಕಿಲ್ಲಾರಿಯವರೂ ಕೇಳಿದ್ದರು. ಭೂಕಂಪಕ್ಕೆ ಒಂದು ವರ್ಷ ಮೊದಲು, 1992ರ ಮಳೆಗಾಲದ ಕೊನೆಗೆ ಅಲ್ಲಿ ಹೀಗೇ ನೂರಕ್ಕೂ ಹೆಚ್ಚು ಸಣ್ಣ ಕಂಪನಗಳಾಗಿದ್ದವು. ಜನ ಹೆದರಿ, ತಮ್ಮನ್ನು ಬೇರೆ ಕಡೆ ಸಾಗಿಸಿ ಎಂದೂ ಕೇಳಿದ್ದರು. ಆಮೇಲೆ ಕಂಪನ ತಗ್ಗಿತು, ಮಾತು ಮರೆಯಿತು. ಮುಂದಿನ ವರ್ಷ ಆದದ್ದು ನಿಮಗೆ ಗೊತ್ತು.

ಇದನ್ನು ಕೇಳಿ ‘ಹಾಗಾದರೆ ಸಣ್ಣ ಕಂಪನ ಬಂದರೆ ದೊಡ್ಡದು ಬಂದೇ ಬರುತ್ತದೆ’ ಎಂದು ತಿಳಿಯಬೇಡಿ. ಇಂಥ ಕಂಪನಗಳ ಸರಣಿ ಬಹುಪಾಲು ಹಾಗೇ ಅಡಗಿಹೋಗುತ್ತದೆ. ಕ್ಯಾಲಿಫೋರ್ನಿಯಾದ ದೀರ್ಘ ದಾಖಲೆ ನೋಡಿದರೆ, ಒಂದು ಕಂಪನದ ಹಿಂದೆ ಕೆಲವೇ ದಿನಗಳಲ್ಲಿ ಅದಕ್ಕಿಂತ ದೊಡ್ಡದು ಬರುವ ಸಂಭವ ನೂರಕ್ಕೆ ಐದಾರು. ಯಾವ ಸರಣಿ ಆ ಐದಾರರಲ್ಲಿ ಸೇರುತ್ತದೆ ಎಂದು ಮುಂಚಿತವಾಗಿ ಹೇಳುವ ವಿದ್ಯೆ ಇವತ್ತು ಯಾರ ಹತ್ತಿರವೂ ಇಲ್ಲ. ವಾಟ್ಸಾಪ್‌ನಲ್ಲಿ ದಿನಾಂಕ, ಗಂಟೆ ಸಹಿತ ಬರುವ ಸಂದೇಶ ಯಾರ ಹೆಸರಿನಲ್ಲಿ ಬಂದರೂ ಸುಳ್ಳು.

ಅದೇ ಹೊತ್ತಿಗೆ ‘ಹೆದರಬೇಡಿ, ಏನೂ ಆಗುವುದಿಲ್ಲ’ ಎನ್ನುವ ಮಾತೂ ಅಷ್ಟೇ ಆಧಾರವಿಲ್ಲದ್ದು. ಇಟಲಿಯ ಲಾಕ್ವಿಲಾ ನಗರದಲ್ಲಿ 2009ರಲ್ಲಿ ತಿಂಗಳುಗಟ್ಟಲೆ ಸಣ್ಣ ಕಂಪನಗಳಾದವು. ಸರ್ಕಾರ ಪರಿಣತರ ಸಭೆ ಕರೆಯಿತು. ಅಧಿಕಾರಿಯೊಬ್ಬರು ಟಿ.ವಿ.ಯಲ್ಲಿ, ಸಣ್ಣ ಕಂಪನಗಳಿಂದ ಶಕ್ತಿ ಹೊರಹೋಗುತ್ತಿದೆ, ಇದು ಒಳ್ಳೆಯದೇ, ನಿಶ್ಚಿಂತೆಯಿಂದಿರಿ ಎಂದರು. ಏಪ್ರಿಲ್ 6ರ ನಸುಕಿನಲ್ಲಿ ಭೂಕಂಪವಾಗಿ 309 ಜನ ಸತ್ತರು. ಆ ಊರಿನವರಿಗೆ ಕಂಪನ ಆದ ರಾತ್ರಿ ಮನೆ ಬಿಟ್ಟು ಬಯಲಿನಲ್ಲಿ ಕಳೆಯುವ ತಲೆತಲಾಂತರದ ರೂಢಿ ಇತ್ತು. ಧೈರ್ಯದ ಮಾತು ನಂಬಿ ಕೆಲವರು ಅಂದು ಒಳಗೇ ಉಳಿದರು. ಮುಂದೆ ಆರು ವಿಜ್ಞಾನಿಗಳಿಗೂ ಆ ಅಧಿಕಾರಿಗೂ 2012ರಲ್ಲಿ ಶಿಕ್ಷೆಯಾಯಿತು. 2014ರ ಮೇಲ್ಮನವಿಯಲ್ಲಿ ವಿಜ್ಞಾನಿಗಳು ಖುಲಾಸೆಯಾದರು. ನ್ಯಾಯಾಲಯದ ಮಾತು ಬಿಡಿ, ಲೆಕ್ಕವನ್ನೇ ನೋಡೋಣ. ಪ್ರಮಾಣ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು, ಎರಡು ಅಂಕ ಏರಿದರೆ ಸುಮಾರು ಸಾವಿರ ಪಟ್ಟು. 6ರ ಶಕ್ತಿ ಹೊರಹೋಗಬೇಕಾದರೆ 4ರ ಪ್ರಮಾಣದ ಸಾವಿರ ಕಂಪನ ಬೇಕು. ಹತ್ತಿಪ್ಪತ್ತು ಸಣ್ಣ ಕಂಪನಗಳಿಂದ ಯಾವ ದೊಡ್ಡದೂ ಖಾಲಿಯಾಗುವುದಿಲ್ಲ.

ಹಾಗಾದರೆ ಜಿಲ್ಲಾಧಿಕಾರಿಗಳು, ತಹಸೀಲ್ದಾರರು, ನಮ್ಮಂಥವರು ಊರಿಗೆ ಹೋಗಿ ಏನು ಹೇಳಬೇಕು? ನನ್ನ ಅಭಿಪ್ರಾಯ ಇದು. ‘ಇದು ಬಹುಶಃ ತಾನಾಗಿ ಅಡಗುತ್ತದೆ. ಅಡಗದಿರುವ ಸಾಧ್ಯತೆ ಸಣ್ಣದು, ಆದರೆ ಇದೆ. ಬನ್ನಿ, ನಿಮ್ಮ ಮನೆ ನೋಡೋಣ’ ಎನ್ನಬೇಕು. ಮಾಪಕ ಹೊತ್ತ ವಿಜ್ಞಾನಿಯ ಜೊತೆಗೆ ಅದೇ ಜೀಪಿನಲ್ಲಿ ಗೋಡೆ ಗಟ್ಟಿಮಾಡಲು ಬಲ್ಲ ಎಂಜಿನಿಯರೂ ಗೌಂಡಿಯೂ ಹೋಗಬೇಕು. ಸಣ್ಣ ಕಂಪನ ಆದ ಆ ಒಂದೆರಡು ತಿಂಗಳು ಊರಿನವರೆಲ್ಲ ಕಿವಿಗೊಟ್ಟು ಕೇಳುತ್ತಾರೆ. ಮಿಕ್ಕ ಸಮಯದಲ್ಲಿ ಬಿತ್ತನೆ, ಮದುವೆ, ಆಸ್ಪತ್ರೆ ಎಂದು ನೂರು ಚಿಂತೆ. 1992ರ ಆ ತಿಂಗಳುಗಳಲ್ಲಿ ಕಿಲ್ಲಾರಿಯ ಮನೆಗಳಿಗೆ ಆ ಕೆಲಸ ಆಗಿದ್ದಿದ್ದರೆ, ಭೂಕಂಪ ಬರುವುದು ತಪ್ಪುತ್ತಿರಲಿಲ್ಲ. ಸಾವಿನ ಲೆಕ್ಕ ಬೇರೆಯಾಗುತ್ತಿತ್ತು.

ಹಾಗಾದರೆ ಗೋಡೆ ನೋಡೋಣ. ಸಭೆಯಲ್ಲಿ ಗೌಂಡಿಗಳಿದ್ದೀರಿ, ನಾನು ತಪ್ಪಿದರೆ ತಿದ್ದಿ.

ಕಿಲ್ಲಾರಿಯ ಮನೆಯ ಗೋಡೆ ಎರಡು-ಮೂರು ಅಡಿ ದಪ್ಪ, ಕೆಲವು ಕಡೆ ಅದಕ್ಕೂ ಹೆಚ್ಚು. ಇಷ್ಟು ದಪ್ಪದ್ದು ಬೀಳುವುದುಂಟೇ ಅನ್ನಿಸುತ್ತದೆ. ಆದರೆ ಅದು ಒಂದು ಗೋಡೆಯಲ್ಲ. ಹೊರಗೊಂದು ಕಲ್ಲಿನ ಮುಖ, ಒಳಗೊಂದು ಕಲ್ಲಿನ ಮುಖ, ನಡುವೆ ಕಲ್ಲುಚೂರು-ಮಣ್ಣು, ಹೋಳಿಗೆಯಲ್ಲಿ ಹೂರಣ ತುಂಬಿದ ಹಾಗೆ. ಎರಡು ಮುಖಗಳನ್ನು ಹಿಡಿದಿಡುವ ಉದ್ದ ಕಲ್ಲು ಇಲ್ಲ, ಅಥವಾ ಅಲ್ಲೊಂದು ಇಲ್ಲೊಂದು. ನೆಲ ಅಡ್ಡಡ್ಡ ಅಲುಗಿದಾಗ ಮೊದಲು ಹೊರಮುಖ ಹೊಟ್ಟೆ ಬಿಡುತ್ತದೆ. ನಡುವಿನ ಚೂರು ಕೆಳಗೆ ಜಾರಿ ಬೆಣೆಯಂತೆ ಒತ್ತುತ್ತದೆ. ಹೊರಮುಖ ಹೊರಕ್ಕೆ, ಒಳಮುಖ ಮಲಗಿದವರ ಮೇಲಕ್ಕೆ. ಕೆಲವೇ ಸೆಕೆಂಡಿನ ಕೆಲಸ. ಮೂಲೆಗಳಲ್ಲಿ ಎರಡು ಗೋಡೆಗಳ ಕಲ್ಲು ಒಂದರೊಳಗೊಂದು ಹೆಣೆದಿರುವುದಿಲ್ಲ, ಹಾಗಾಗಿ ಮೂಲೆ ಸೀಳಿ ಪ್ರತಿ ಗೋಡೆಯೂ ಒಂಟಿಯಾಗಿ ನಿಲ್ಲುತ್ತದೆ. ಒಂಟಿ ಗೋಡೆ ಎಷ್ಟು ಹೊತ್ತು ನಿಂತೀತು?

ಇನ್ನು ತಲೆಯ ಮೇಲೆ ಮಾಳಿಗೆ. ತೊಲೆ, ಜಂತಿ, ಅದರ ಮೇಲೆ ಹಲಗೆ, ಅದರ ಮೇಲೆ ಮಣ್ಣು. ಬೇಸಿಗೆಯಲ್ಲಿ ತಂಪು, ಇದಕ್ಕಿಂತ ಒಳ್ಳೆಯ ಚಾವಣಿ ನಮ್ಮ ಬಿಸಿಲಿಗೆ ಇಲ್ಲ. ಆದರೆ ಮಳೆಗಾಲಕ್ಕೆ ಮೊದಲು ಸೋರದಿರಲೆಂದು ಹೊಸ ಮಣ್ಣು ಹಾಕುತ್ತೇವೆ, ಹಳೆಯದನ್ನು ತೆಗೆಯುವುದಿಲ್ಲ. ಅಜ್ಜನ ಕಾಲದಲ್ಲಿ ಒಂದು ಗೇಣಿದ್ದದ್ದು ಮೊಮ್ಮಗನ ಕಾಲಕ್ಕೆ ಎರಡು-ಮೂರು ಗೇಣಾಗುತ್ತದೆ. ಅಲುಗುವಾಗ ಕಟ್ಟಡದ ಮೇಲೆ ಬೀಳುವ ಬಲ ಅದರ ತೂಕ ಹೆಚ್ಚಿದಷ್ಟೂ ಹೆಚ್ಚುತ್ತದೆ. ಮೇಲೆ ಟನ್‌ಗಟ್ಟಲೆ ಮಣ್ಣು ಹೊತ್ತ ಮನೆ ತನ್ನ ಮೇಲೆ ತಾನೇ ಬಲ ಹಾಕಿಕೊಳ್ಳುತ್ತದೆ. ಕಿಲ್ಲಾರಿಯಲ್ಲಿ ಎಷ್ಟೋ ಜನ ಸತ್ತದ್ದು ಕಲ್ಲಿನ ಪೆಟ್ಟಿಗಲ್ಲ, ಮಣ್ಣಿನಡಿ ಉಸಿರು ಕಟ್ಟಿ.

ಒಂದು ಒಳ್ಳೆಯ ಅಂಶವನ್ನೂ ಗಮನಿಸಿ. ಅಂಕಣದ ಮನೆಗಳಲ್ಲಿ ತೊಲೆಯನ್ನು ಹೊರುವುದು ಮರದ ಕಂಬ, ಗೋಡೆಯಲ್ಲ. ಅಂಥ ಎಷ್ಟೋ ಮನೆಗಳಲ್ಲಿ ಸುತ್ತಲಿನ ಗೋಡೆ ಉರುಳಿದರೂ ಕಂಬ-ತೊಲೆ ನಿಂತಿದ್ದವು. ನಮ್ಮ ಹಿರಿಯ ಬಡಗಿಗಳ ಕಟ್ಟುವ ಕ್ರಮದಲ್ಲಿ ಜೀವ ಉಳಿಸುವ ಗುಣವಿತ್ತು. ಕಂಬಕ್ಕೂ ತೊಲೆಗೂ ನಡುವೆ ಓರೆಯಾಗಿ ಒಂದು ಮರದ ಅಥವಾ ಕಬ್ಬಿಣದ ಆಧಾರ ಕೊಟ್ಟರೆ ಆ ಗುಣ ಇನ್ನಷ್ಟು ಹೆಚ್ಚುತ್ತದೆ.

ನಿಂತ ಮನೆಯನ್ನು ಕೆಡವದೆ ಗಟ್ಟಿ ಮಾಡುವ ಕ್ರಮ ಹೀಗಿದೆ. ರೂರ್ಕಿಯ ಆನಂದ ಸ್ವರೂಪ ಆರ್ಯ ಅವರಂಥವರು ಇದನ್ನು ಹಳ್ಳಿಯ ಗೌಂಡಿಗೆ ತಿಳಿಯುವ ಹಾಗೆ ರೂಪಿಸಿದರು. ಗೋಡೆಯ ಒಂದು ಕಲ್ಲನ್ನು ನಿಧಾನವಾಗಿ ಅಲುಗಿಸಿ ಹೊರತೆಗೆಯಬೇಕು, ಸುತ್ತಿಗೆಯಿಂದ ಹೊಡೆಯಬಾರದು. ಅದರ ಹಿಂದಿನ ಚೂರು-ಮಣ್ಣು ಕೈಯಿಂದ ತೋಡಿ, ಆಚೆ ಮುಖದ ಕಲ್ಲನ್ನೂ ತೆಗೆದರೆ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಹಾಯುವ ರಂಧ್ರವಾಗುತ್ತದೆ. ಅದರಲ್ಲಿ ತುದಿ ಬಗ್ಗಿಸಿದ ಕಬ್ಬಿಣದ ಸಳಿ ಇಟ್ಟು ಕಾಂಕ್ರೀಟ್ ತುಂಬುವುದು, ಹತ್ತು-ಹದಿನೈದು ದಿನ ನೀರು ಹಾಕುವುದು. ಹೀಗೆ ಗೋಡೆಯುದ್ದಕ್ಕೂ ಸುಮಾರು ಮೂರು-ಮೂರು ಅಡಿಗೆ ಒಂದು. ಆಮೇಲೆ ಬಾಗಿಲು-ಕಿಟಕಿಯ ಮೇಲ್ಮಟ್ಟದಲ್ಲಿ ಮನೆಯ ಸುತ್ತ, ಒಳಗೂ ಹೊರಗೂ, ಕಬ್ಬಿಣದ ಜಾಲರಿ ಹೊಡೆದು ಸಿಮೆಂಟ್ ಗಿಲಾಯಿ ಮಾಡಿದರೆ ಅದು ಬೆಲ್ಟ್. ಮೂಲೆಯಲ್ಲಿ ಬೆಲ್ಟ್ ತುಂಡಾಗಬಾರದು, ಸುತ್ತಿ ಹೋಗಬೇಕು. ತುಂಡಾದರೆ ಹಾಕಿಯೂ ಪ್ರಯೋಜನವಿಲ್ಲ. ಮೂಲೆಯೇ ಮೊದಲು ಸೀಳುವ ಜಾಗ ಎಂದು ಹೇಳಿದೆನಲ್ಲ.

ಇದನ್ನೆಲ್ಲ ಮಾಡಿಸುವುದು ಹೇಗೆ? ಕಿಲ್ಲಾರಿಯ ನಂತರ ವಿಶ್ವಬ್ಯಾಂಕಿನ ಸಾಲದೊಂದಿಗೆ ಮಹಾರಾಷ್ಟ್ರ ಸರ್ಕಾರ ನಡೆಸಿದ ಪುನರ್ವಸತಿಯಲ್ಲಿ ಎರಡು ದಾರಿ ಇದ್ದವು. 52 ಊರುಗಳನ್ನು ಪೂರ್ತಿ ಸ್ಥಳಾಂತರಿಸಿ ಹೊಸದಾಗಿ ಕಟ್ಟಿದರು. ಉಳಿದ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಮನೆಯವರೇ ಸರ್ಕಾರದ ನೆರವಿನಿಂದ ತಮ್ಮ ಮನೆ ರಿಪೇರಿ ಮಾಡಿ ಗಟ್ಟಿ ಮಾಡಿಕೊಂಡರು. ಎರಡನೆಯ ದಾರಿಯಲ್ಲಿ ಪ್ರತಿ ಹಳ್ಳಿಯಲ್ಲಿ ‘ಸಂವಾದ ಸಹಾಯಕ’ ಎಂದು ಊರಿನ ಹೆಣ್ಣುಮಕ್ಕಳನ್ನು ನೇಮಿಸಿದರು. ಎಂಜಿನಿಯರ್ ಹೇಳಿದ್ದನ್ನು ಮನೆಮನೆಗೆ ತಿಳಿಸುವುದು, ಕಂತಿನ ಹಣ ಬಂತೇ ನೋಡುವುದು, ಸಳಿ ಹಾಕಿದರೇ, ಬೆಲ್ಟ್ ಮೂಲೆ ಸುತ್ತಿತೇ ಎಂದು ನಿಂತು ನೋಡುವುದು ಅವರ ಕೆಲಸ. ಮನೆಯ ಗೋಡೆಯ ಯಾವ ಭಾಗ ಒದ್ದೆ ಹಿಡಿಯುತ್ತದೆ, ಯಾವ ಬಿರುಕು ವರ್ಷವರ್ಷ ಬೆಳೆಯುತ್ತಿದೆ ಎಂದು ದಿನವಿಡೀ ಮನೆಯಲ್ಲಿರುವವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಈ ಒಂದು ವ್ಯವಸ್ಥೆಯನ್ನು ನಾವು ಹಾಗೇ ಎತ್ತಿಕೊಳ್ಳಬಹುದು. ನಮ್ಮಲ್ಲಿ ಸ್ತ್ರೀಶಕ್ತಿ ಸಂಘಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ.

ಸ್ಥಳಾಂತರಿಸಿದ ಊರುಗಳ ಅನುಭವ ಅಷ್ಟು ಸಮಾಧಾನಕರವಲ್ಲ. ಅಗಲವಾದ ನೇರ ಬೀದಿ, ಒಂದೇ ಅಳತೆಯ ಮನೆಗಳು. ಆಕಳು ಕಟ್ಟಲು ಜಾಗ, ಕಾಳು ಇಡಲು ಕೋಣೆ, ಅಂಗಳದ ಮರೆ ಇಲ್ಲದೆ ಜನ ಒದ್ದಾಡಿದರು. ಮುಂದೆ ತಾವೇ ಕೋಣೆ ಸೇರಿಸಿದಾಗ ಅನೇಕರು ಬೆಲ್ಟೂ ಇಲ್ಲದ, ಸಳಿಯೂ ಇಲ್ಲದ ಗೋಡೆ ಕಟ್ಟಿದರು ಎಂದು ಅಧ್ಯಯನ ಮಾಡಿದವರು ಬರೆದಿದ್ದಾರೆ. ಗುತ್ತಿಗೆದಾರ ಕಟ್ಟಿ ಕೊಟ್ಟ ಮನೆಯಿಂದ ಊರಿನ ಗೌಂಡಿ ಏನನ್ನೂ ಕಲಿತಿರಲಿಲ್ಲ.

ನಗರಗಳ ಬಗ್ಗೆ ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋದ ಕರಾವಳಿಯಲ್ಲಿ ಭೂಕಂಪವಾದಾಗ ಮುನ್ನೂರೈವತ್ತು ಕಿಲೋಮೀಟರಿಗೂ ದೂರದ ಮೆಕ್ಸಿಕೋ ನಗರ ಹಾಳಾಯಿತು, ಯಾಕೆಂದರೆ ಅದು ಹಳೆಯ ಕೆರೆಯ ಮೆತ್ತನೆಯ ಮಣ್ಣಿನ ಮೇಲೆ ಕೂತಿದೆ. ಮೆತ್ತನೆಯ ಮಣ್ಣು ಅಲುಗಾಟವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ಜಿ. ಸೀತಾರಾಮ್ ಮತ್ತು ಪಿ. ಅನ್ಬಳಗನ್ ಬೆಂಗಳೂರಿನ ಮಣ್ಣನ್ನು ಜಾಗಜಾಗಕ್ಕೆ ಪರೀಕ್ಷಿಸಿ ಸೂಕ್ಷ್ಮ ವಲಯ ನಕ್ಷೆ ಮಾಡಿದ್ದಾರೆ. ಅದರ ವಿಧಾನ ಕಣ್ಣಿಗೆ ಸರಳ. ನೆಲದ ಮೇಲೆ ಕಬ್ಬಿಣದ ತಟ್ಟೆ ಇಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆಯುತ್ತಾರೆ. ಸಾಲಾಗಿ ಚುಚ್ಚಿಟ್ಟ ಪುಟ್ಟ ಮಾಪಕಗಳು ಅಲೆ ಎಷ್ಟು ಬೇಗ ಹಾಯಿತೆಂದು ಬರೆದುಕೊಳ್ಳುತ್ತವೆ. ಗಟ್ಟಿ ನೆಲದಲ್ಲಿ ಬೇಗ, ಮೆತ್ತನೆಯದರಲ್ಲಿ ನಿಧಾನ. ಒಂದು ಮೈದಾನಕ್ಕೆ ಅರ್ಧ ದಿನದ ಕೆಲಸ. ಕಲಬುರಗಿಗೂ ವಿಜಯಪುರಕ್ಕೂ ಇದು ಆಗಬೇಕು.

ಇನ್ನೊಂದು, ಕೆಳಗೆ ಬರೀ ಕಂಬ ನಿಲ್ಲಿಸಿ ಪಾರ್ಕಿಂಗಿಗೆ ಬಿಟ್ಟು ಮೇಲೆ ಮೂರು-ನಾಲ್ಕು ಅಂತಸ್ತು ಗೋಡೆ ಎಬ್ಬಿಸುವ ಪದ್ಧತಿ. 2001ರ ಜನವರಿ 26ರಂದು ಭುಜ್ ಭೂಕಂಪವಾದಾಗ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಹೀಗೆ ಕಟ್ಟಿದ ಎಷ್ಟೋ ಕಟ್ಟಡಗಳು ಕುಸಿದವು. ಮೇಲಿನ ಅಂತಸ್ತುಗಳು ಗೋಡೆಯಿಂದಾಗಿ ಗಡುಸು, ಕೆಳಗಿನದು ಮಾತ್ರ ಸಡಿಲು. ಅಲುಗಾಟವೆಲ್ಲ ಆ ಕಂಬಗಳ ಮೇಲೇ ಬೀಳುತ್ತದೆ. ನಮ್ಮ ಸೇಡಂ ರಸ್ತೆ, ಜೇವರ್ಗಿ ರಸ್ತೆಯ ಹೊಸ ಬಡಾವಣೆಗಳಲ್ಲಿ ಇಂಥ ಕಟ್ಟಡ ಏಳುವುದನ್ನು ಕಂಡಾಗ ನನಗೆ ಕಳವಳವಾಗುತ್ತದೆ. ಕಂಬದ ಸಳಿಗೆ ಸುತ್ತುವ ರಿಂಗುಗಳನ್ನು ಹತ್ತಿರ ಹತ್ತಿರ ಕಟ್ಟಿ, ಅವುಗಳ ತುದಿಯನ್ನು ಒಳಕ್ಕೆ ಬಗ್ಗಿಸುವುದು ಬಾರ್ ಬೆಂಡರ್‌ಗೆ ಕೆಲವು ಗಂಟೆಗಳ ಹೆಚ್ಚಿನ ಕೆಲಸ, ಅಷ್ಟೇ. ಮನೆ ಕಟ್ಟಿಸುವವರು ಸ್ಲ್ಯಾಬ್ ಹಾಕುವ ದಿನ ಪೂಜೆಗೆ ಹೋಗಿ ನಿಲ್ಲುತ್ತೀರಿ. ಅದಕ್ಕಿಂತ ಮುಖ್ಯವಾಗಿ ಕಂಬಕ್ಕೆ ಕಾಂಕ್ರೀಟ್ ಸುರಿಯುವ ಹಿಂದಿನ ದಿನ ಹೋಗಿ ರಿಂಗುಗಳನ್ನು ನೋಡಿ.

ಅಲುಗಾಟ ಶುರುವಾದಾಗ ಮೇಜಿನ ಕೆಳಗೆ ಸೇರಿ ಎಂದು ಶಾಲೆಗಳಲ್ಲಿ ಹೇಳಿಕೊಡುತ್ತಿದ್ದಾರೆ. ಕಾಂಕ್ರೀಟ್ ಕಂಬ-ತೊಲೆಯ ಕಟ್ಟಡಕ್ಕೆ ಅದು ಸರಿ. ಕಲ್ಲು-ಮಣ್ಣಿನ ಗೋಡೆಯ ಮನೆಗೆ ಅದನ್ನೇ ಹೇಳುವುದು ಸರಿಯಲ್ಲ. ಮಾಳಿಗೆ ಕುಸಿದರೆ ಮೇಜು ತಡೆಯುವುದಿಲ್ಲ. ಬಾಗಿಲ ಹತ್ತಿರ ಇದ್ದವರು ಬಯಲಿಗೆ ಹೋಗಬೇಕು. ಓಣಿಯಲ್ಲಿ ಗೋಡೆಯ ಪಕ್ಕ ನಿಲ್ಲಬಾರದು. ಕಂಪನಗಳ ಸರಣಿ ನಡೆಯುತ್ತಿರುವಾಗ ರಾತ್ರಿ ಮಣ್ಣಿನ ಮಾಳಿಗೆಯ ಕೆಳಗಿನ ಕೋಣೆ ಬಿಟ್ಟು, ತಗಡಿನ ಪಡಸಾಲೆಯಿದ್ದರೆ ಅಲ್ಲಿ, ಗೋಡೆಯಿಂದ ದೂರ ಹಾಸಿಗೆ ಹಾಸಿಕೊಳ್ಳಿ.

ಕೊನೆಯದಾಗಿ ಒಂದು ಕೆಲಸ, ಹಣ ಹೆಚ್ಚು ಬೇಡದ್ದು. ಈ ಬೇಸಿಗೆಯಲ್ಲಿ ಮಾಳಿಗೆಗೆ ಮಣ್ಣು ಹಾಕುವ ಮೊದಲು ಬೆಳಕಿಂಡಿಯ ಪಕ್ಕ ಒಂದು ಕಡೆ ಹಾರೆಯಿಂದ ಹಲಗೆಯವರೆಗೆ ತೋಡಿ, ಮಣ್ಣು ಎಷ್ಟು ದಪ್ಪ ಇದೆ ಅಳೆಯಿರಿ. ಒಂದು ಗೇಣಿಗಿಂತ ಹೆಚ್ಚಿದ್ದರೆ ಹೆಚ್ಚಿನದನ್ನು ಇಳಿಸಿ. ಒಂದೇ ಕಡೆಯಿಂದ ಪೂರ್ತಿ ಇಳಿಸಬೇಡಿ, ಎರಡೂ ಕಡೆಯಿಂದ ಸಮನಾಗಿ ಇಳಿಸುತ್ತ ಬನ್ನಿ. ತೊಲೆ ಹುಳ ಹಿಡಿದಿದೆಯೇ ಎಂದು ಆಗಲೇ ಚುಚ್ಚಿ ನೋಡಿ. ಮೇಲೆ ಗಟ್ಟಿ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ತೆಳುವಾಗಿ ಮಣ್ಣು ಹಾಕಿ ಬಡಿದರೆ ಸೋರುವುದಿಲ್ಲ, ತಂಪೂ ಉಳಿಯುತ್ತದೆ. ಇಳಿಸಿದ ಮಣ್ಣು ಹೊಲಕ್ಕೆ ಹೋಗಲಿ. ನಾಲ್ಕು ಆಳಿನ ಎರಡು ದಿನದ ಕೆಲಸ, ಮಳೆಗೆ ಮುಂಚೆ ಮುಗಿಯುತ್ತದೆ.